ಯಂತ್ರಪರೀಕ್ಷೆಯ ಪೂರ್ವವೃತ್ತಾಂತ

ಗಣಕಯಂತ್ರದಲ್ಲಿ ನೆಲೆಗೊಂಡಿರುವ ಲಿನಕ್ಸ್ ವ್ಯವಸ್ಥೆಯನ್ನು ಹೊಸ ಆವೃತ್ತಿಗೆ ಏರಿಸುವುದಕ್ಕೆ ಮುಂಚೆ, ಆ ಯಂತ್ರದ ಒಡಲಿನಲ್ಲಿರುವ ಒಂದೊಂದು ಅಂಗವೂ ಯಾರ ತಯಾರಿಕೆಯದು, ಯಾವ ಜಾತಿಯದು, ಬರಲಿರುವ ವ್ಯವಸ್ಥೆಯು ಅದನ್ನು ಗುರುತಿಸಿ ನಡೆಸಿಕೊಳ್ಳಬಲ್ಲುದೇ ಎಂಬುದನ್ನು ವಿಚಾರಿಸಿ ತಿಳಿದುಕೊಳ್ಳುವ ಪದ್ಧತಿಯೊಂದುಂಟು. ಈಗಿನವರಿಗೆ ಅದು ಕೆಲವು ನಿಮಿಷಗಳ ಕೆಲಸವಾದುದರಿಂದ, ಅದಕ್ಕೂ ಒಂದು ಇತಿಹಾಸವಿರಬಹುದೆಂಬ ಯೋಚನೆ ಬಹುಮಂದಿಗೆ ಹೊಳೆಯುವುದಿಲ್ಲ. ಬೆಂಗಳೂರಿನಲ್ಲಿ ಆ ಇತಿಹಾಸವು ನಡೆದ ನೆಲ ಬಹು ದೊಡ್ಡದೇನೂ ಅಲ್ಲ. ಉತ್ತರದಲ್ಲಿ ಮಲ್ಲೇಶ್ವರಕ್ಕೆ ಅನತಿದೂರದಲ್ಲಿರುವ, ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ. ದಕ್ಷಿಣದಲ್ಲಿ ಬಸವನಗುಡಿಯ ವಿದ್ಯಾಲಯಗಳು. ನಡುವೆ ಚಾಮರಾಜಪೇಟೆಯ ಕನ್ನಡ ಗಣಕ ಪರಿಷತ್ತು. ಅದರ ಮಗ್ಗುಲಿನ ಹಳೆಯ ಪೇಟೆಯಲ್ಲಿ, ಎಸ್.ಪಿ. ರಸ್ತೆಯೆಂದು ಪ್ರಸಿದ್ಧವಾದ ಸಾದರ ಪತ್ರಪ್ಪ ರಸ್ತೆಯ ಬಿಡಿಭಾಗಗಳ ಅಂಗಡಿಸಾಲು: ಇಷ್ಟರೊಳಗೆ ಓಡಾಡಿದ ವಿದ್ಯಾರ್ಥಿಗಳು, ಉಪಾಧ್ಯಾಯರು, ಅಕ್ಷರ ಜೋಡಿಸುವವರು, ವ್ಯಾಪಾರಿಗಳು ತಮ್ಮ ಕೈಗೆ ಬಂದ ಯಂತ್ರವನ್ನು ತಾವೇ ಬಿಚ್ಚಿ ಅರಿತುಕೊಳ್ಳುವುದನ್ನು ಒಂದು ವಿದ್ಯೆಯಾಗಿ ಬೆಳೆಸಿದರು. ಆ ವಿದ್ಯೆಯ ವಿಷಯವಾಗಿ ನನಗಿರುವ ಗೌರವವೇ ಈ ಬರೆಹಕ್ಕೆ ಕಾರಣ.

ಇಂಥ ಪರೀಕ್ಷೆಯ ಅಗತ್ಯವು ಈ ಊರಿಗೆ ಗಣಕದೊಡನೆ ಹೊಸದಾಗಿ ಬಂದುದಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುದಾಗಾರವು ಕೋಲಾರದ ಚಿನ್ನದ ಗಣಿಗಳಿಗೆ ಪ್ರವಾಹವನ್ನು ಕಳುಹಿಸಲು ತೊಡಗಿತು. 1905ರ ಆಗಸ್ಟ್ 5ರಂದು ಅದೇ ಪ್ರವಾಹದಿಂದ ಬೆಂಗಳೂರಿನ ಬೀದಿದೀಪಗಳು ಬೆಳಗಿದುವು. ಆ ವಿದ್ಯುತ್ತು ಸೆಕೆಂಡಿಗೆ 25 ಆವರ್ತಗಳದು. 1948ರಲ್ಲಿ ಕೆಲಸಕ್ಕೆ ತೊಡಗಿದ ಜೋಗದ ವಿದ್ಯುದಾಗಾರದ ಪ್ರವಾಹವಾದರೋ 50 ಆವರ್ತಗಳದು. ಮೊದಲನೆಯದಕ್ಕೆಂದು ತಂತಿ ಸುತ್ತಿದ ಮೋಟಾರಿಗೆ ಎರಡನೆಯದನ್ನು ಕೊಟ್ಟರೆ ಅದು ಇಮ್ಮಡಿ ವೇಗದಲ್ಲಿ ತಿರುಗಲು ಹವಣಿಸುತ್ತದೆ. ಅದಕ್ಕೆ ಕಟ್ಟಿದ ಯಂತ್ರ ಆ ವೇಗವನ್ನು ತಾಳಲಾರದು. ಆದಕಾರಣ ಹಳೆಯ ಮೋಟಾರನ್ನು ಹೊಸ ತಂತಿಗೆ ಜೋಡಿಸಲಿರುವವನು ಅದರ ಮೈಮೇಲಿನ ಲೋಹಫಲಕವನ್ನು ಓದಲೇಬೇಕು. ಅಲ್ಲಿ ಒಂದು ಅನುಕೂಲವಿತ್ತು: ತಯಾರಕನು ತನ್ನ ಯಂತ್ರದ ಗುಣವನ್ನು ಫಲಕದಲ್ಲಿ ಕೆತ್ತಿಯೇ ಕೊಟ್ಟಿರುತ್ತಿದ್ದನು. ಗಣಕಗಳ ಕಾಲದಲ್ಲಿ ಆ ಫಲಕವೇ ಮಾಯವಾಯಿತು. ಮುಂದೆ ಬಂದ ಕಷ್ಟಗಳಿಗೆಲ್ಲ ಮೂಲ ಅಲ್ಲಿದೆ.

1991ರ ಆಗಸ್ಟ್ 25ರಂದು ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ತಾನು ರಚಿಸುತ್ತಿದ್ದ ಹೊಸ ವ್ಯವಸ್ಥೆಯನ್ನು ಲೋಕಕ್ಕೆ ಪ್ರಕಟಿಸಿದಾಗ, ಅದು 386 ಸಂಸ್ಕಾರಕದ ಯಂತ್ರಕ್ಕೆ ಮಾತ್ರ ಮೀಸಲೆಂದೂ, ತನ್ನ ಬಳಿಯಿದ್ದ ಜಾತಿಯ ಹಾರ್ಡ್ ಡಿಸ್ಕನ್ನು ಬಿಟ್ಟು ಬೇರೆಯದನ್ನು ಬಹುಶಃ ಎಂದಿಗೂ ನಡೆಸಲಾರದೆಂದೂ ತಾನೇ ಹೇಳಿಬಿಟ್ಟಿದ್ದನು. ಯಂತ್ರವೂ ವ್ಯವಸ್ಥೆಯೂ ಪರಸ್ಪರ ಹೊಂದುವುವೇ ಎಂಬ ಪ್ರಶ್ನೆ ಹೀಗೆ ಲಿನಕ್ಸಿನ ಜನನದೊಂದಿಗೇ ಜನಿಸಿತು. 1994ರ ಮಾರ್ಚಿಯಲ್ಲಿ ಮೊದಲನೆಯ ಪೂರ್ಣ ಆವೃತ್ತಿ, 1996ರ ಜೂನಿನಲ್ಲಿ ಎರಡನೆಯದು ಬಂದುವು. ಅಷ್ಟರೊಳಗೆ ನೂರಾರು ಜನ ಸ್ವಯಂಸೇವಕರು ತಮ್ಮ ತಮ್ಮ ಮನೆಯ ಯಂತ್ರಗಳಲ್ಲಿದ್ದ ಕಾರ್ಡುಗಳಿಗೆ ಬೇಕಾದ ಡ್ರೈವರುಗಳನ್ನು ಬರೆದು ಕೊಟ್ಟಿದ್ದರು. ಯಾವ ಕಾರ್ಡು ಯಾರೊಬ್ಬ ಸ್ವಯಂಸೇವಕನ ಮೇಜಿನ ಮೇಲೂ ಇರಲಿಲ್ಲವೋ ಆ ಕಾರ್ಡು ಲಿನಕ್ಸಿಗೆ ಅಪರಿಚಿತವಾಗಿಯೇ ಉಳಿಯಿತು. ತಯಾರಕರು ತಮ್ಮ ವಸ್ತುವಿನ ಒಳರಹಸ್ಯವನ್ನು ವಿಂಡೋಸಿನ ಡ್ರೈವರಿನೊಳಗೆ ಅಡಗಿಸಿಟ್ಟು, ಹೊರಗಿನವರಿಗೆ ಒಂದು ಪುಟದ ವಿವರಣೆಯನ್ನೂ ಕೊಡದಿದ್ದುದು ಇದಕ್ಕೆ ಮುಖ್ಯ ಕಾರಣ.

ಭಾರತದ ಮಧ್ಯಮವರ್ಗದ ಮನೆಗಳಿಗೆ ಲಿನಕ್ಸ್ ಬಂದುದು ಅಂತರ್ಜಾಲದ ಮೂಲಕವಲ್ಲ. ಸಾರ್ವಜನಿಕರಿಗೆ ಅಂತರ್ಜಾಲ ಸೇವೆಯು 1995ರ ಆಗಸ್ಟ್ 15ರಂದು ಕೆಲವೇ ಮಹಾನಗರಗಳಲ್ಲಿ ಆರಂಭವಾಗಿತ್ತು. ದೂರವಾಣಿಯ ತಂತಿಯಲ್ಲಿ ಅಷ್ಟು ದೊಡ್ಡ ವ್ಯವಸ್ಥೆಯನ್ನು ಇಳಿಸಿಕೊಳ್ಳುವುದು ಊಹೆಗೂ ಮೀರಿದ ಮಾತು. ಟಾಟಾ ಇನ್‌ಸ್ಟಿಟ್ಯೂಟಿನಂಥ ಕಡೆ 1980ರ ದಶಕದಿಂದಲೇ ಅರ್ನೆಟ್ ಜಾಲವಿದ್ದಿತಾದರೂ ಅದು ವಿದ್ವಾಂಸರ ಸೊತ್ತು. ಸಾಮಾನ್ಯರಿಗೆ ದಾರಿ ತೆರೆದುದು 1996ರಲ್ಲಿ, ಪಿಸಿ ಕ್ವೆಸ್ಟ್ ಪತ್ರಿಕೆಯು ತನ್ನ ಸಂಚಿಕೆಯೊಡನೆ ಲಿನಕ್ಸಿನ ಸಿ.ಡಿ.ಯನ್ನು ಹಂಚಿದಾಗ. ಆ ಕಾರ್ಯದ ಹಿಂದಿದ್ದವರು ಬೆಂಗಳೂರಿನ ಅತುಲ್ ಚಿಟ್ನೀಸರು. 2013ರಲ್ಲಿ ತೀರಿಕೊಂಡ ಅವರ ಹೆಸರನ್ನು ಹೇಳದೆ ಈ ದೇಶದ ಲಿನಕ್ಸ್ ಚರಿತ್ರೆಯನ್ನು ಬರೆಯುವಂತಿಲ್ಲ. ಒಂದು ಪತ್ರಿಕೆಯ ಬೆಲೆಗೆ ಒಂದು ಸಂಪೂರ್ಣ ವ್ಯವಸ್ಥೆ ಕೈಗೆ ಬಂದಿತು. ಅದನ್ನು ತಂದು ತಮ್ಮ ಯಂತ್ರದಲ್ಲಿ ಹಾಕಲು ಕುಳಿತವರಿಗೆ, ಆ ಯಂತ್ರದೊಳಗೆ ಏನಿದೆಯೆಂಬುದು ತಮಗೆ ಕಿಂಚಿತ್ತೂ ಗೊತ್ತಿಲ್ಲವೆಂಬ ಸಂಗತಿ ಅಂದು ಮೊದಲ ಬಾರಿಗೆ ಅರಿವಾಯಿತು.

ಗೊತ್ತಾಗುವುದಾದರೂ ಹೇಗೆ? ಅಂದಿನ ಮನೆಯ ಗಣಕಗಳಲ್ಲಿ ಬಹುಪಾಲು ಅಸೆಂಬಲ್ ಮಾಡಿದಂಥವು. ಎಸ್.ಪಿ. ರಸ್ತೆಯಲ್ಲಿ ಒಂದು ಅಂಗಡಿಯಿಂದ ಮದರ್‌ಬೋರ್ಡು, ಇನ್ನೊಂದರಿಂದ ಕ್ಯಾಬಿನೆಟ್ಟು, ಮತ್ತೊಂದರಿಂದ ಡಿಸ್ಕು, ಹೀಗೆ ಕೊಂಡು ತಂದು ಜೋಡಿಸಿದ ಯಂತ್ರದ ರಸೀತಿಯಲ್ಲಿ ‘ಸೌಂಡ್ ಕಾರ್ಡು ಒಂದು, ಒಳಮೋಡೆಮ್ ಒಂದು’ ಎಂದಿಷ್ಟೇ ಬರೆದಿರುತ್ತಿತ್ತು. ಲಿನಕ್ಸ್ ಕೇಳುವುದು ಕಾರ್ಡಿನ ಹೆಸರನ್ನಲ್ಲ, ಅದರ ಮೇಲಿರುವ ಚಿಪ್ಪಿನ ಹೆಸರನ್ನು. ಆದುದರಿಂದ ಕ್ಯಾಬಿನೆಟ್ಟಿನ ತಿರುಪುಗಳನ್ನು ಬಿಚ್ಚಿ, ಟಾರ್ಚಿನ ಬೆಳಕಿನಲ್ಲಿ ಚಿಪ್ಪಿನ ಮೇಲಿನ ಸೂಕ್ಷ್ಮಾಕ್ಷರಗಳನ್ನು ಓದಿ, ಅದನ್ನು ಕಾಗದದ ಮೇಲೆ ಗುರುತು ಹಾಕಿಕೊಳ್ಳುವುದೇ ಪರೀಕ್ಷೆಯ ಪ್ರಥಮ ಸೋಪಾನವಾಯಿತು. ಒಂದೇ ಪೆಟ್ಟಿಗೆಯಲ್ಲಿ, ಒಂದೇ ಹೆಸರಿನಲ್ಲಿ ಮಾರಾಟವಾದ ಎರಡು ಕಾರ್ಡುಗಳಲ್ಲಿ ಬೇರೆ ಬೇರೆ ಚಿಪ್ಪುಗಳಿರುವುದೂ ಅಪರೂಪವಾಗಿರಲಿಲ್ಲ.

ಆ ಕಾಲದ ಐಎಸ್‌ಎ ಸ್ಲಾಟಿನ ಕಾರ್ಡುಗಳಲ್ಲಿ ಬಹುಪಾಲು ತಮ್ಮ ಪರಿಚಯವನ್ನು ತಾವಾಗಿ ಹೇಳಿಕೊಳ್ಳುವಂಥವಲ್ಲ. ಸೌಂಡ್ ಬ್ಲಾಸ್ಟರ್ ಕಾರ್ಡಿಗೆ 220 ಎಂಬ ವಿಳಾಸ, 5 ಎಂಬ ಇಂಟರಪ್ಟ್ ಸಂಖ್ಯೆ, 1 ಎಂಬ ಡಿಎಂಎ ಮಾರ್ಗ ಇವು ವಾಡಿಕೆಯಲ್ಲಿದ್ದುವು. ಅದೇ 5ನೆಯ ಸಂಖ್ಯೆಯನ್ನು ಇನ್ನೊಂದು ಕಾರ್ಡು ಮೊದಲೇ ಹಿಡಿದುಕೊಂಡಿದ್ದರೆ, ಕಾರ್ಡಿನ ಮೇಲಿನ ಪುಟ್ಟ ಜಂಪರನ್ನು ಚಿಮಟದಿಂದ ಕಿತ್ತು ಬೇರೆ ಕಡ್ಡಿಗಳಿಗೆ ತೊಡಿಸಬೇಕು. ಮಾನಿಟರಿನ ವಿಚಾರ ಇನ್ನೂ ಭಯಾವಹವಾಗಿತ್ತು: ಚಿತ್ರಮಯ ಪರದೆಯನ್ನು ತೆರೆಯುವ ಎಕ್ಸ್‌ಫ್ರೀ86 ತಂತ್ರಾಂಶವು ಮಾನಿಟರಿನ ಅಡ್ಡ ಮತ್ತು ಲಂಬ ಆವರ್ತಗಳ ಮಿತಿಯನ್ನು ಕೇಳುತ್ತಿತ್ತು, ತಪ್ಪು ಸಂಖ್ಯೆಯನ್ನು ಕೊಟ್ಟರೆ ಮಾನಿಟರಿಗೇ ಅಪಾಯವಾಗಬಹುದೆಂಬ ಎಚ್ಚರಿಕೆಯೂ ಅದರೊಂದಿಗೆ ಕಾಣಿಸುತ್ತಿತ್ತು. ತಿಂಗಳುಗಳ ಸಂಬಳವನ್ನು ಕೂಡಿಟ್ಟು ಮಾನಿಟರು ಕೊಂಡ ಮನೆಯಲ್ಲಿ ಆ ಎಚ್ಚರಿಕೆಯನ್ನು ಓದಿದವನ ಬೆರಳು ಕೀಲಿಯ ಮೇಲೆ ತಡೆದು ನಿಲ್ಲದೆ ಇದ್ದೀತೆ! ಡಿಸ್ಕಿನ ವಿಷಯದಲ್ಲಿ ಬೇರೆಯದೇ ಒಂದು ನಿರ್ಬಂಧ. ಹಳೆಯ ಬಯಾಸು ಡಿಸ್ಕಿನ ಮೊದಲ 1024 ಸಿಲಿಂಡರುಗಳಿಗೆ ಆಚೆ ಇರುವುದನ್ನು ಓದಲಾರದಾದುದರಿಂದ ಲಿನಕ್ಸಿನ ತಿರುಳಾದ ಕರ್ನಲನ್ನು ಆ ಗೆರೆಯ ಈಚೆಗೇ ಇರಿಸಬೇಕಾಗಿತ್ತು. ಹೊಸ ಆವೃತ್ತಿಯ ಕರ್ನಲು ಗೆರೆಯಾಚೆಗೆ ಹೋಗಿ ಕುಳಿತರೆ, ನಿನ್ನೆಯವರೆಗೆ ನಡೆಯುತ್ತಿದ್ದ ಯಂತ್ರ ಇಂದು ಬೂಟ್ ಆಗದೆ ನಿಂತುಬಿಡುತ್ತಿತ್ತು.

ಮೋಡೆಮಿನ ಪ್ರಕರಣವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. 1990ರ ದಶಕದ ಕೊನೆಗೆ ಅಗ್ಗದ ಒಳಮೋಡೆಮುಗಳು ಮಾರುಕಟ್ಟೆಯನ್ನು ತುಂಬಿದುವು. ಧ್ವನಿಯನ್ನು ಅಂಕಿಗೂ ಅಂಕಿಯನ್ನು ಧ್ವನಿಗೂ ಪರಿವರ್ತಿಸುವ ಕೆಲಸಕ್ಕೆ ಅವುಗಳಲ್ಲಿ ಪ್ರತ್ಯೇಕ ಚಿಪ್ಪಿರಲಿಲ್ಲ. ಆ ಕೆಲಸವನ್ನು ಯಂತ್ರದ ಸಂಸ್ಕಾರಕವೇ, ವಿಂಡೋಸಿಗೆಂದು ಬರೆದ ಡ್ರೈವರಿನ ನೆರವಿನಿಂದ ಮಾಡಬೇಕಾಗಿತ್ತು. ವಿನ್‌ಮೋಡೆಮೆಂದು ಹೆಸರು ಪಡೆದ ಈ ಕಾರ್ಡು ಲಿನಕ್ಸಿನ ಕೈಯಲ್ಲಿ ನಿಷ್ಪ್ರಯೋಜಕ. ಇದರ ಪರಿಣಾಮವೇನೆಂಬುದನ್ನು ಗಮನಿಸಬೇಕು: ಲಿನಕ್ಸನ್ನು ಹಾಕಿಕೊಂಡವನ ತೊಡಕಿಗೆ ಪರಿಹಾರವು ಅಂತರ್ಜಾಲದಲ್ಲಿದೆ, ಅಂತರ್ಜಾಲಕ್ಕೆ ಹೋಗುವ ಬಾಗಿಲೇ ಲಿನಕ್ಸಿನಲ್ಲಿ ತೆರೆಯುವುದಿಲ್ಲ. ಸೀರಿಯಲ್ ಕೇಬಲಿನ ಹೊರಮೋಡೆಮು ಯಾವ ತಕರಾರೂ ಇಲ್ಲದೆ ನಡೆಯುತ್ತಿತ್ತಾದರೂ ಅದರ ಬೆಲೆ ಹೆಚ್ಚು. ಇಂಟೆಲ್ಲಿನ 810 ಎಂಬ ಚಿಪ್‌ಸೆಟ್ಟು 1999ರಲ್ಲಿ ಬಂದಾಗಲೂ ಹೀಗೆಯೇ ಆಯಿತು. ಚಿತ್ರ, ಧ್ವನಿ ಎರಡನ್ನೂ ಒಳಗೊಂಡ ಅದರ ಬೋರ್ಡು ಅಗ್ಗವಾಗಿದ್ದುದರಿಂದ ಜನಪ್ರಿಯವಾಯಿತು. ಅಂದಿನ ಲಿನಕ್ಸ್ ಸಿ.ಡಿ.ಗಳಿಗಾದರೋ ಅದರ ಪರಿಚಯವಿರಲಿಲ್ಲ, ಬೇರೆ ಮಾಡ್ಯೂಲನ್ನು ತಂದು ಸೇರಿಸುವ ತನಕ ಚಿತ್ರಮಯ ಪರದೆ ತೆರೆಯುತ್ತಿರಲಿಲ್ಲ.

ಈ ಸಂದರ್ಭದಲ್ಲಿಯೇ ‘ಮೊದಲು ವಿಚಾರಿಸು, ಆಮೇಲೆ ಕೊಳ್ಳು’ ಎಂಬ ರೂಢಿ ಬಲಗೊಂಡಿತು. ರಿಯಲ್‌ಟೆಕ್ಕಿನ 8139 ಚಿಪ್ಪಿರುವ ಅಗ್ಗದ ಜಾಲಕಾರ್ಡು ಲಿನಕ್ಸಿನಲ್ಲಿ ನಿಶ್ಚಿಂತೆಯಾಗಿ ನಡೆಯುವುದೆಂದೂ, ಎಪ್ಸನ್ನಿನ ಭಾಷೆಯನ್ನು ಬಲ್ಲ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಎಷ್ಟು ಹಳೆಯದಾದರೂ ಕೈಬಿಡದೆಂದೂ, ವಿಂಡೋಸಿಗೆ ಮಾತ್ರವೆಂದು ಪೆಟ್ಟಿಗೆಯ ಮೇಲೆ ಅಚ್ಚಾದ ಲೇಸರ್ ಪ್ರಿಂಟರನ್ನು ಮುಟ್ಟಕೂಡದೆಂದೂ ತಿಳಿದವರು ತಿಳಿಯದವರಿಗೆ ಹೇಳುತ್ತಿದ್ದರು. ಬೆಂಗಳೂರಿನ ಲಿನಕ್ಸ್ ಬಳಕೆದಾರರ ಬಳಗದ ಕೂಟಗಳಲ್ಲಿ ಈ ತಿಳಿವಳಿಕೆ ಬಾಯಿಂದ ಬಾಯಿಗೆ ಸಾಗಿತು. ಬಸವನಗುಡಿಗೆ ಅಂಟಿಕೊಂಡಿರುವ ಹನುಮಂತನಗರದಲ್ಲಿ ಲಿನಕ್ಸ್ ಕಲಿಸುವುದಕ್ಕೆಂದೇ ಒಂದು ಶಿಕ್ಷಣಕೇಂದ್ರ ನಡೆಯಿತು. 1962ರಿಂದ ನ್ಯಾಷನಲ್ ಕಾಲೇಜಿನಲ್ಲಿ ಡಾ. ಎಚ್. ನರಸಿಂಹಯ್ಯನವರ ಪ್ರೇರಣೆಯಿಂದ ಬೆಂಗಳೂರು ವಿಜ್ಞಾನ ವೇದಿಕೆಯ ಉಪನ್ಯಾಸಗಳನ್ನು ಕೇಳುತ್ತ, ಕಣ್ಣಾರೆ ಕಂಡು ಕೇಳಿ ಒಪ್ಪಿಕೊಳ್ಳುವುದನ್ನು ಕಲಿತಿದ್ದ ಬಡಾವಣೆ ಬಸವನಗುಡಿ. ಈ ಎರಡಕ್ಕೂ ನೇರವಾದ ಸಂಬಂಧವನ್ನು ನಾನು ಕಲ್ಪಿಸುತ್ತಿಲ್ಲ. ಒಂದು ಊರಿನಲ್ಲಿ ಜಿಜ್ಞಾಸೆಗೆ ಮರ್ಯಾದೆಯಿದ್ದರೆ ಅದು ಹಲವು ಕಡೆ ಚಿಗುರುತ್ತದೆಂಬುದು ನನ್ನ ನಂಬಿಕೆ. 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂಬ ವಾರ್ಷಿಕ ಸಮ್ಮೇಳನವು ಆರಂಭವಾಗಿ, 2005ರಿಂದ ‘ಫಾಸ್ ಡಾಟ್ ಇನ್’ ಎಂಬ ಹೆಸರಿನಲ್ಲಿ 2012ರವರೆಗೆ ನಡೆಯಿತು. ಈ ಸಮ್ಮೇಳನಗಳಲ್ಲಿ ಹಲವು ಟಾಟಾ ಇನ್‌ಸ್ಟಿಟ್ಯೂಟಿನ ಜೆ.ಎನ್. ಟಾಟಾ ಸಭಾಂಗಣದಲ್ಲಿ ನೆರೆದುವು. ಡ್ರೈವರುಗಳನ್ನು ಬರೆದವರು ವಿದೇಶಗಳಿಂದ ಬಂದು, ಅವುಗಳನ್ನು ಬಳಸುವವರ ಎದುರಿಗೆ ನಿಂತು ಉತ್ತರ ಕೊಟ್ಟ ವೇದಿಕೆ ಅದು.

ಇಲ್ಲಿಯವರೆಗೆ ಹೇಳಿದುದು ಯಾವ ಊರಿನ ಲಿನಕ್ಸ್ ಬಳಗಕ್ಕಾದರೂ ಸಲ್ಲುವ ಮಾತು. ಕನ್ನಡಿಗನಿಗೆ ಈ ಪರೀಕ್ಷೆಯಲ್ಲಿ ಬೇರೊಂದು ವಿಶೇಷವಾದ ಕಷ್ಟವಿತ್ತು. ಇಂಗ್ಲಿಷಿನಲ್ಲಿ ಕೆಲಸ ಮಾಡುವವನಿಗೆ ಗ್ರಾಫಿಕ್ಸ್ ಕಾರ್ಡು ಹೊಂದದಿದ್ದರೆ ನಷ್ಟವೇನೋ ಉಂಟು, ಸರ್ವನಾಶವಿಲ್ಲ. ಕಪ್ಪು ಪರದೆಯ ಮೇಲಿನ ಬಿಳಿಯ ಅಕ್ಷರಗಳ ಕನ್ಸೋಲಿನಲ್ಲಿ ಅವನು ಪತ್ರ ಬರೆಯಬಹುದು, ಲೆಕ್ಕ ಇಡಬಹುದು, ಪ್ರೋಗ್ರಾಂ ರಚಿಸಬಹುದು. ಆ ಕನ್ಸೋಲಿನಲ್ಲಿ ಏಕಕಾಲದಲ್ಲಿ ಹಿಡಿಯುವುದು 256, ಹೆಚ್ಚೆಂದರೆ 512 ಅಕ್ಷರರೂಪಗಳು. ಅವೂ ಸಮನಾದ ಚೌಕಗಳಲ್ಲಿ ಒಂದರ ಪಕ್ಕ ಒಂದು ಕುಳಿತುಕೊಳ್ಳತಕ್ಕವು. ಕಾಗುಣಿತದಲ್ಲಿ ಆಕಾರ ಬದಲಿಸುವ, ಒತ್ತಕ್ಷರವನ್ನು ಕೆಳಗೆ ಇಳಿಸುವ, ಅರ್ಕಾವತ್ತನ್ನು ಹಿಂದಕ್ಕೆ ತಳ್ಳುವ ಕನ್ನಡ ಲಿಪಿ ಅಂಥ ಚೌಕದಲ್ಲಿ ಹಿಡಿಸುವುದೇ ಇಲ್ಲ. ಆದಕಾರಣ ಕನ್ನಡವನ್ನು ಓದಬೇಕಾದರೆ ಚಿತ್ರಮಯ ಪರದೆ ಬೇಕೇ ಬೇಕು. ಚಿತ್ರಮಯ ಪರದೆ ಬೇಕಾದರೆ ಗ್ರಾಫಿಕ್ಸ್ ಕಾರ್ಡನ್ನು ಲಿನಕ್ಸ್ ಗುರುತಿಸಲೇಬೇಕು. ಇತರರು ಪರೀಕ್ಷೆಯ ಪಟ್ಟಿಯಲ್ಲಿ ಕೊನೆಗೆ ಬರೆಯಬಹುದಾಗಿದ್ದ ಅಂಶವನ್ನು ಕನ್ನಡಿಗನು ತಲೆಯಲ್ಲೇ ಬರೆದುಕೊಳ್ಳಬೇಕಾಯಿತು. 2000ದಲ್ಲಿ ಎಕ್ಸ್‌ಫ್ರೀ86ರ ನಾಲ್ಕನೆಯ ಆವೃತ್ತಿಯೊಡನೆ ವೀಸಾ ಎಂಬ ಸರ್ವಸಾಮಾನ್ಯ ಡ್ರೈವರು ಬಂದುದು ಈ ದೃಷ್ಟಿಯಿಂದ ಬಹು ದೊಡ್ಡ ಉಪಕಾರ: ವೇಗ ಮಂದವಾದರೂ ಅಪರಿಚಿತ ಕಾರ್ಡಿನ ಮೇಲೆಯೂ ಪರದೆ ತೆರೆಯುವಂತಾಯಿತು.

ಇದಕ್ಕೂ ಹಿಂದೆ ಕನ್ನಡವೇ ಒಂದು ಹಾರ್ಡ್‌ವೇರಿನ ರೂಪದಲ್ಲಿ ಗಣಕದೊಳಗೆ ಬಂದ ಕಾಲವೊಂದಿತ್ತೆಂಬುದನ್ನು ಇಂದಿನ ತರುಣರು ಅರಿಯರು. ಕಾನ್ಪುರದ ಐಐಟಿಯಲ್ಲಿ ರೂಪುಗೊಂಡು, ಅನಂತರ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ತಂತ್ರವು, ಗಣಕದ ಐಎಸ್‌ಎ ಸ್ಲಾಟಿಗೆ ಸಿಕ್ಕಿಸುವ ಒಂದು ಕಾರ್ಡಿನ ಮೂಲಕ ಭಾರತೀಯ ಲಿಪಿಗಳನ್ನು ಪರದೆಯ ಮೇಲೆ ಮೂಡಿಸುತ್ತಿತ್ತು. ಅಕ್ಷರಗಳ ಸಂಕೇತಕ್ಕೆ ಇಸ್ಕಿ ಎಂಬ ರಾಷ್ಟ್ರೀಯ ಮಾನಕವು 1991ರಲ್ಲಿ ಸ್ಥಿರವಾಯಿತು. ಯಂತ್ರದಲ್ಲಿ ಕಾರ್ಡಿದ್ದರೆ ಕನ್ನಡ, ಇಲ್ಲದಿದ್ದರೆ ಇಲ್ಲ. ಆ ದಶಕ ಮುಗಿಯುವಷ್ಟರಲ್ಲಿ ಹೊಸ ಮದರ್‌ಬೋರ್ಡುಗಳಲ್ಲಿ ಐಎಸ್‌ಎ ಸ್ಲಾಟೇ ಇಲ್ಲವಾಗತೊಡಗಿತು. ಹಳೆಯ ಕಾರ್ಡನ್ನು ಸಿಕ್ಕಿಸುವುದಕ್ಕೆ ಸ್ಥಳವೇ ಇಲ್ಲದ ಮೇಲೆ ಕನ್ನಡವು ತಂತ್ರಾಂಶದ ದಾರಿಯನ್ನೇ ಹಿಡಿಯಬೇಕಾಯಿತು.

ಆ ದಾರಿಯಲ್ಲಿ ಚಾಮರಾಜಪೇಟೆಯ ಪಾಲು ದೊಡ್ಡದು. 1915ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತು ನೆಲೆಸಿರುವ ಆ ಬಡಾವಣೆಯಲ್ಲಿಯೇ ಕನ್ನಡ ಗಣಕ ಪರಿಷತ್ತು ಕೆಲಸ ಮಾಡಿ, ಸರ್ಕಾರದ ಆಶ್ರಯದಲ್ಲಿ ನುಡಿ ತಂತ್ರಾಂಶವನ್ನು ಈ ಶತಮಾನದ ಆರಂಭದಲ್ಲಿ ಜನರಿಗೆ ಕೊಟ್ಟಿತು. ನುಡಿ ನಡೆಯುತ್ತಿದ್ದುದು ವಿಂಡೋಸಿನ ಮೇಲೆ. ಆದರೆ ಅದರ ಕೀಲಿಮಣೆಯ ವಿನ್ಯಾಸಕ್ಕೆ ಮೂಲಪುರುಷರಾದ ಕಿನ್ನಿಕಂಬಳ ಪದ್ಮನಾಭ ರಾಯರ, ಎಲ್ಲರ ಬಾಯಲ್ಲಿ ಕೆ.ಪಿ. ರಾಯರ, ಯೋಚನೆಗೆ ಯಾವ ವ್ಯವಸ್ಥೆಯ ಹಂಗೂ ಇರಲಿಲ್ಲ. ಇಂಗ್ಲಿಷ್ ಅಕ್ಷರ ಅಚ್ಚಾದ ಸಾಮಾನ್ಯ ಕೀಲಿಮಣೆಯಿಂದಲೇ, ಧ್ವನಿಯ ಸಾದೃಶ್ಯವನ್ನನುಸರಿಸಿ, ಕನ್ನಡವನ್ನು ಸುಲಲಿತವಾಗಿ ಬೆರಳಚ್ಚು ಮಾಡಬಹುದೆಂಬುದನ್ನು ಅವರು ತೋರಿಸಿದರು. ಹೊಸ ಕೀಲಿಮಣೆ ಬೇಡ, ಕಾರ್ಡು ಬೇಡ. ಇಂದು ಯಾವುದೇ ಲಿನಕ್ಸ್ ಯಂತ್ರದ ಕೀಲಿಮಣೆಗಳ ಪಟ್ಟಿಯನ್ನು ತೆರೆದು ನೋಡಿ: ಭಾರತೀಯ ವಿನ್ಯಾಸಗಳ ನಡುವೆ ‘ಕಗಪ’ ಎಂಬ ಹೆಸರು ಕಾಣುತ್ತದೆ. ಕನ್ನಡಕ್ಕೆ ಮಾತ್ರವಲ್ಲದೆ ಹಿಂದಿ, ಸಂಸ್ಕೃತ, ಮರಾಠಿ, ತೆಲುಗುಗಳಿಗೂ ಅದೇ ಹೆಸರಿನ ವಿನ್ಯಾಸಗಳು ಅಲ್ಲಿವೆ. ಚಾಮರಾಜಪೇಟೆಯ ಪರಿಷತ್ತಿನ ಹೆಸರಿನ ಆದ್ಯಕ್ಷರಗಳನ್ನು ಜಗತ್ತಿನ ಲಿನಕ್ಸ್ ಯಂತ್ರಗಳೆಲ್ಲ ಹೊತ್ತುಕೊಂಡಿರುವುದನ್ನು ಕಂಡಾಗ ನನಗಾಗುವ ಸಂತೋಷವನ್ನು ಮುಚ್ಚಿಡಲಾರೆ.

ಯಂತ್ರವನ್ನು ಕಟ್ಟುವವರೂ ವ್ಯವಸ್ಥೆಯನ್ನು ಹೊಂದಿಸುವವರೂ ಒಂದೇ ಮೇಜಿನ ಸುತ್ತ ಕುಳಿತರೆ ಪರೀಕ್ಷೆಯ ಪ್ರಶ್ನೆಯೇ ಏಳುವುದಿಲ್ಲವೆಂಬುದಕ್ಕೆ ಒಂದು ಉದಾಹರಣೆಯೂ ಈ ಪರಿಸರದಲ್ಲಿಯೇ ದೊರೆಯುತ್ತದೆ. ಟಾಟಾ ಇನ್‌ಸ್ಟಿಟ್ಯೂಟಿನ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಈ ನಾಲ್ವರು ವಿಜ್ಞಾನಿಗಳೂ ಎನ್‌ಕೋರ್ ಸಂಸ್ಥೆಯ ಎಂಜಿನಿಯರುಗಳೂ ಕೂಡಿ ನಿರ್ಮಿಸಿದ ಸಿಂಪ್ಯೂಟರ್ 2001ರಲ್ಲಿ ಪ್ರಕಟವಾಯಿತು. ಅಂಗೈಯಗಲದ ಆ ಸಾಧನದಲ್ಲಿ 206 ಮೆಗಾಹರ್ಟ್ಸಿನ ಸ್ಟ್ರಾಂಗ್‌ಆರ್ಮ್ ಸಂಸ್ಕಾರಕವೂ ಲಿನಕ್ಸೂ ಇದ್ದುವು. ತಂತ್ರಾಂಶವನ್ನಷ್ಟೇ ಅಲ್ಲದೆ ಹಾರ್ಡ್‌ವೇರಿನ ನಕ್ಷೆಯನ್ನೂ ಒಂದು ಸಾರ್ವಜನಿಕ ಪರವಾನಗಿಯ ಮೇಲೆ ಹಂಚಿಕೊಳ್ಳುವುದು ಅದರ ನಿರ್ಮಾಪಕರ ಸಂಕಲ್ಪ. 2004ರಲ್ಲಿ ಪಿಕೋಪೀಟಾ ಸಂಸ್ಥೆಯೂ ಭಾರತ್ ಎಲೆಕ್ಟ್ರಾನಿಕ್ಸೂ ಸೇರಿ ಅದನ್ನು ಅಮಿಡಾ ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದುವು. ವ್ಯಾಪಾರದಲ್ಲಿ ಅದು ಗೆಲ್ಲಲಿಲ್ಲ. ತಯಾರಕನು ಬಾಯಿ ಬಿಟ್ಟು ತನ್ನ ಯಂತ್ರದ ವಿವರವನ್ನು ಹೇಳಿದರೆ ಬಳಕೆದಾರನ ಎಷ್ಟು ಶ್ರಮ ಉಳಿಯುತ್ತದೆಂಬುದನ್ನು ಮಾತ್ರ ಅದು ನಿಸ್ಸಂದೇಹವಾಗಿ ತೋರಿಸಿಕೊಟ್ಟಿತು. 2007ರಲ್ಲಿ ಕರ್ನಲಿನ ಪ್ರಮುಖರಲ್ಲೊಬ್ಬರಾದ ಗ್ರೆಗ್ ಕ್ರೋವಾ ಹಾರ್ಟ್‌ಮನ್, ಯಾವ ತಯಾರಕನಾದರೂ ತನ್ನ ಸಾಧನದ ವಿವರ ಕೊಟ್ಟರೆ ಡ್ರೈವರನ್ನು ಉಚಿತವಾಗಿ ಬರೆದುಕೊಡುವುದಾಗಿ ಸಾರಿದುದೂ ಇದೇ ತತ್ತ್ವದ ಮೇಲೆ.

ಪಿಸಿಐ ಸ್ಲಾಟಿನ ಕಾರ್ಡುಗಳು ಬಂದ ಮೇಲೆ ಪರೀಕ್ಷೆಯ ಸ್ವರೂಪ ಬದಲಾಯಿತು. ಪ್ರತಿಯೊಂದು ಸಾಧನವೂ ತನ್ನ ತಯಾರಕನ ಸಂಖ್ಯೆಯನ್ನೂ ತನ್ನ ಸ್ವಂತ ಸಂಖ್ಯೆಯನ್ನೂ ಕೇಳಿದವರಿಗೆ ಹೇಳುತ್ತದೆ. ಇಂಟೆಲ್ಲಿಗೆ 8086 ಎಂಬ ಸಂಖ್ಯೆ, ಅದರ ಪ್ರಸಿದ್ಧ ಸಂಸ್ಕಾರಕದ ನೆನಪಿಗೆ. ಮಾರ್ಟಿನ್ ಮಾರೆಶ್ ಎಂಬಾತನು ರಚಿಸಿದ ‘ಎಲ್‌ಎಸ್‌ಪಿಸಿಐ’ ಎಂಬ ಆಜ್ಞೆಯನ್ನು ಕೊಟ್ಟರೆ ಕ್ಯಾಬಿನೆಟ್ಟನ್ನು ಬಿಚ್ಚದೆಯೇ ಒಳಗಿನ ಅಂಗಾಂಗಗಳ ಪಟ್ಟಿ ಪರದೆಯ ಮೇಲೆ ಇಳಿಯುತ್ತದೆ. ಹೊಲಿಗೆಯವನು ಬಟ್ಟೆಗೆ ಕತ್ತರಿ ಹಾಕುವ ಮುನ್ನ ಮೈಯಳತೆಯನ್ನು ಚೀಟಿಯಲ್ಲಿ ಬರೆದುಕೊಳ್ಳುವ ಹಾಗೆ, ಆ ಪಟ್ಟಿಯನ್ನು ಕಾಗದದ ಮೇಲೆ ಇಳಿಸಿಕೊಂಡೇ ಅಪ್‌ಗ್ರೇಡಿಗೆ ಕೈಹಾಕುವುದು ಬಲ್ಲವರ ವಾಡಿಕೆಯಾಯಿತು. ಅದೇ ಸುಮಾರಿಗೆ ಜರ್ಮನಿಯ ಕ್ಲೌಸ್ ಕ್ನಾಪರ್ ತಂದ ನಾಪಿಕ್ಸ್ ಸಿ.ಡಿ.ಯು, ಡಿಸ್ಕಿನ ಮೇಲೆ ಏನನ್ನೂ ಬರೆಯದೆ ಸಿ.ಡಿ.ಯಿಂದಲೇ ಸಂಪೂರ್ಣ ವ್ಯವಸ್ಥೆಯನ್ನು ನಡೆಸಿ ತೋರಿಸಿತು. ಪರೀಕ್ಷೆಯ ಚರಿತ್ರೆಯಲ್ಲಿ ಇದಕ್ಕಿಂತ ಮಹತ್ತಾದ ಘಟನೆ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ. ಪಟ್ಟಿಗಳನ್ನು ಓದಿ ಊಹಿಸುತ್ತಿದ್ದುದನ್ನು ಪ್ರತ್ಯಕ್ಷವಾಗಿ ನೋಡುವಂತಾಯಿತು, ಹೊಂದದಿದ್ದರೆ ಸಿ.ಡಿ.ಯನ್ನು ಹೊರಗೆ ತೆಗೆದರೆ ಮುಗಿಯಿತು, ಯಂತ್ರ ಯಥಾಸ್ಥಿತಿಯಲ್ಲಿ ಉಳಿಯುತ್ತದೆ. 2004ರ ಅಕ್ಟೋಬರಿನಲ್ಲಿ ಹುಟ್ಟಿದ ಉಬುಂಟು ಎಂಬ ಲಿನಕ್ಸ್ ವಿತರಣೆಯು ತನ್ನ ಸಿ.ಡಿ.ಗಳನ್ನು ಕೇಳಿದವರ ಮನೆಬಾಗಿಲಿಗೆ ಅಂಚೆಯಲ್ಲಿ ಉಚಿತವಾಗಿ ಕಳುಹಿಸುತ್ತಿತ್ತು; 2011ರವರೆಗೆ ನಡೆದ ಆ ದಾನದಿಂದ ಅಂತರ್ಜಾಲವಿಲ್ಲದ ಮನೆಗಳಿಗೂ ಪರೀಕ್ಷೆಯ ಸಾಧನ ತಲುಪಿತು.

ಮೊದಲ ಸಲ ಹಾಕುವಾಗ ಯಂತ್ರವು ವ್ಯವಸ್ಥೆಗೆ ತೀರ ಹೊಸದಾಗಿರುವುದು ತೊಡಕು. ಅಪ್‌ಗ್ರೇಡಿನಲ್ಲಿ ಯಂತ್ರವು ತೀರ ಹಳೆಯದಾಗಿರುವುದು ತೊಡಕು. ಈ ವ್ಯತ್ಯಾಸವನ್ನು ಜನ ಕ್ರಮಕ್ರಮವಾಗಿ ಅನುಭವದಿಂದ ಕಲಿತರು. 2007ರ ಸುಮಾರಿನಲ್ಲಿ ಡಿಸ್ಕುಗಳನ್ನು ನಡೆಸುವ ಕರ್ನಲಿನ ಭಾಗವು ಬದಲಾದಾಗ, ಅದುವರೆಗೆ ಎಚ್‌ಡಿಎ ಎನಿಸಿಕೊಂಡಿದ್ದ ಡಿಸ್ಕು ರಾತ್ರಿ ಬೆಳಗಾಗುವುದರಲ್ಲಿ ಎಸ್‌ಡಿಎ ಎನಿಸಿತು. ಹಳೆಯ ಹೆಸರನ್ನು ಬರೆದಿಟ್ಟ ಕಡತವನ್ನು ತಿದ್ದದವರ ಯಂತ್ರಗಳು ತಮ್ಮ ಡಿಸ್ಕನ್ನೇ ಕಾಣದಾದುವು. ಎನ್‌ವಿಡಿಯಾದ ಹಳೆಯ ಕಾರ್ಡುಗಳನ್ನು ಅದರ ತಯಾರಕರು ಒಂದೊಂದೇ ಪೀಳಿಗೆಯಾಗಿ ಹೊಸ ಡ್ರೈವರುಗಳಿಂದ ಕೈಬಿಡುತ್ತ ಬಂದುದರಿಂದ, ಹೊಸ ಕರ್ನಲಿಗೆ ಏರಿದವರ ಪರದೆ ಕಪ್ಪಾಯಿತು. ವೈಫೈ ಚಿಪ್ಪುಗಳಿಗೆ ಬೇಕಾದ ಫರ್ಮ್‌ವೇರು ಮುಕ್ತವಲ್ಲವೆಂಬ ಕಾರಣದಿಂದ ಡೆಬಿಯನ್ ವಿತರಣೆಯು ಬಹುಕಾಲ ಅದನ್ನು ತನ್ನ ಅಧಿಕೃತ ಸಿ.ಡಿ.ಯಲ್ಲಿ ಇರಿಸಲಿಲ್ಲ, 2022ರಲ್ಲಿ ಅದರ ಸದಸ್ಯರು ಮತ ಹಾಕಿ ಆ ನಿಯಮವನ್ನು ಸಡಿಲಿಸಿದರು. ಮುಕ್ತತೆಯ ತತ್ತ್ವವನ್ನು ಪ್ರೀತಿಸುವ ನನಗೆ ಆ ನಿರ್ಣಯದಲ್ಲಿ ಸ್ವಲ್ಪ ವ್ಯಥೆಯುಂಟು. ಬಡವನ ಹಳೆಯ ಲ್ಯಾಪ್‌ಟಾಪು ನಡೆಯಬೇಕೆಂಬ ನ್ಯಾಯವೂ ಅಷ್ಟೇ ದೊಡ್ಡದೆಂದು ಒಪ್ಪಿಕೊಳ್ಳುತ್ತೇನೆ.

ಸಂಸ್ಕಾರಕಗಳ ನಿವೃತ್ತಿಯ ಕಥೆ ಇವೆಲ್ಲಕ್ಕಿಂತ ಗಂಭೀರವಾದುದು. ಯಾವ 386ರ ಮೇಲೆ ಲಿನಕ್ಸ್ ಹುಟ್ಟಿತೋ ಆ 386ನ್ನು 2012ರ ಡಿಸೆಂಬರಿನಲ್ಲಿ ಕರ್ನಲಿನಿಂದ ಕಿತ್ತುಹಾಕಲಾಯಿತು. ಅದೇ ವರ್ಷ ಉಬುಂಟು, ಪಿಎಇ ಎಂಬ ಗುಣವಿಲ್ಲದ 32 ಬಿಟ್ಟಿನ ಸಂಸ್ಕಾರಕಗಳನ್ನು ಒಲ್ಲೆನೆಂದಿತು. 2018ರ ಹೊತ್ತಿಗೆ 32 ಬಿಟ್ಟಿನ ಡೆಸ್ಕ್‌ಟಾಪ್ ಸಿ.ಡಿ.ಯನ್ನೇ ನಿಲ್ಲಿಸಿತು. ಹಳೆಯ ಯಂತ್ರಗಳ ಆಶ್ರಯಸ್ಥಾನವೆನಿಸಿದ್ದ ಡೆಬಿಯನ್ ಕೂಡ 2025ರ ಆಗಸ್ಟಿನಲ್ಲಿ ಹೊರಬಂದ ತನ್ನ 13ನೆಯ ಆವೃತ್ತಿಯಿಂದ 32 ಬಿಟ್ಟಿನ ಪಿಸಿಗಳಿಗೆ ಇನ್‌ಸ್ಟಾಲರನ್ನು ಕೊಡುತ್ತಿಲ್ಲ. ರೆಡ್ ಹ್ಯಾಟಿನ 10ನೆಯ ಆವೃತ್ತಿಯಂತೂ 64 ಬಿಟ್ಟಿನ ಯಂತ್ರಗಳಲ್ಲಿಯೂ ಸುಮಾರು 2013ಕ್ಕಿಂತ ಹಿಂದಿನ ಸಂಸ್ಕಾರಕಗಳನ್ನು ಸ್ವೀಕರಿಸುವುದಿಲ್ಲ. ಅದೇ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಪೋಷಣೆ ಮುಗಿದು, ವಿಂಡೋಸ್ 11 ಕೇಳುವ ಟಿಪಿಎಂ ಚಿಪ್ಪಿಲ್ಲದ ಅಸಂಖ್ಯಾತ ಯಂತ್ರಗಳ ಒಡೆಯರು ಲಿನಕ್ಸಿನ ಕಡೆಗೆ ತಿರುಗಿರುವರು. ಒಂದು ಕಡೆಯಿಂದ ಹಳೆಯ ಯಂತ್ರಗಳು ಬರುತ್ತಿವೆ, ಇನ್ನೊಂದು ಕಡೆಯಿಂದ ಇನ್ನೂ ಹಳೆಯವು ಹೊರಗೆ ಹೋಗುತ್ತಿವೆ. ಎರಡರ ನಡುವಿನ ಗೆರೆ ಯಾವ ಯಂತ್ರದ ಮೇಲೆ ಹಾದುಹೋಗುವುದೆಂಬುದನ್ನು ಪರೀಕ್ಷೆಯೊಂದೇ ಹೇಳಬಲ್ಲುದು.

ಆ ಪರೀಕ್ಷೆಯನ್ನು ಇಂದು ಮಾಡುವ ಕ್ರಮ ಸರಳವಾಗಿದೆ. ‘ಎಲ್‌ಎಸ್‌ಸಿಪಿಯು’ ಎಂಬ ಆಜ್ಞೆಯ ಉತ್ತರದಲ್ಲಿ 64 ಬಿಟ್ ಎಂಬ ಮಾತು ಇದೆಯೇ ಎಂದು ಮೊದಲು ನೋಡತಕ್ಕದ್ದು. ಇದ್ದರೆ, ಬರಲಿರುವ ಆವೃತ್ತಿಯ ಟಿಪ್ಪಣಿಯಲ್ಲಿ ಕೈಬಿಟ್ಟ ಸಾಧನಗಳ ಪಟ್ಟಿಯನ್ನು ಓದಿ, ಅದನ್ನು ತನ್ನ ಎಲ್‌ಎಸ್‌ಪಿಸಿಐ ಪಟ್ಟಿಯೊಡನೆ ತಾಳೆ ನೋಡಿ, ಕಡತಗಳಿಗೆಲ್ಲ ಬೇರೆ ಡಿಸ್ಕಿನಲ್ಲಿ ಪ್ರತಿ ಮಾಡಿಟ್ಟು, ಬಳಿಕ ಹೊಸ ವ್ಯವಸ್ಥೆಯನ್ನು ಪೆನ್‌ಡ್ರೈವಿನಿಂದ ನಡೆಸಿ ಪರದೆ, ಧ್ವನಿ, ವೈಫೈ, ಪ್ರಿಂಟರು ಇವನ್ನು ಒಂದೊಂದಾಗಿ ಪ್ರಯೋಗಿಸಬೇಕು. ಕಗಪ ವಿನ್ಯಾಸವನ್ನು ಆರಿಸಿಕೊಂಡು ಒತ್ತಕ್ಷರಗಳಿರುವ ನಾಲ್ಕು ಸಾಲು ಕನ್ನಡವನ್ನೂ ಬರೆದು ನೋಡಬೇಕು. 64 ಬಿಟ್ಟಿನ ಮಾತು ಇಲ್ಲದಿದ್ದರೆ ಆ ಯಂತ್ರವನ್ನು ಡೆಬಿಯನ್ನಿನ 12ನೆಯ ಆವೃತ್ತಿಯಲ್ಲಿಯೇ ನಿಲ್ಲಿಸುವುದು ಲೇಸು. ಅದರಲ್ಲಿ ಕನ್ನಡದ ಬರೆವಣಿಗೆಗೆ ಬೇಕಾದ ಫಾಂಟುಗಳೂ ಕೀಲಿಮಣೆಯೂ ಲಿಬ್ರೆ ಆಫೀಸೂ ಇವೆ, ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರೂ ನಡೆಯುತ್ತದೆ.